ಗಡಿ ದಾಟಿ ಮಾರುವುದು, ಗಡಿ ದಾಟಿಸಿ ತರಿಸುವುದು: ಡೊಂಬಿವಲಿಯಿಂದ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಮನೆಯಿಂದಲೇ ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಅಥಣಿ ಕಡೆಯ ಕೊಲ್ಹಾಪುರಿ ಚಪ್ಪಲಿ ಮಾರುತ್ತೇನೆ. ಕೊಳ್ಳುವವರಲ್ಲಿ ಜಾಸ್ತಿ ಜನ ನ್ಯೂಜೆರ್ಸಿ, ಲಂಡನ್, ಮೆಲ್ಬರ್ನ್ ಕಡೆಯ ಕನ್ನಡದವರು. ನನ್ನ ಹೊಲಿಗೆ ಯಂತ್ರದ ಬಿಡಿ ಭಾಗ, ಒಳ್ಳೆಯ ಸೂಜಿ ಇವನ್ನು ಕೆಲವು ಸಲ ಹೊರದೇಶದಿಂದ ತರಿಸಿಕೊಳ್ಳುತ್ತೇನೆ. ಹಾಗಾಗಿ ಎರಡೂ ಕಡೆಯ ತಾಪತ್ರಯ ಗೊತ್ತು. ಮುಲುಂಡ್, ಠಾಣೆ, ಪುಣೆಯಿಂದ ಫೋನ್ ಮಾಡುವವರೆಲ್ಲ ಹೆಚ್ಚು ಕಡಿಮೆ ಇದೇ ಪ್ರಶ್ನೆಗಳನ್ನು ಕೇಳುತ್ತಾರೆ. ಮೊದಲು ತರಿಸಿಕೊಳ್ಳುವವರ ಪ್ರಶ್ನೆಗಳು, ಆಮೇಲೆ ಮಾರುವವರದ್ದು.

ಆರ್ಡರ್ ಮಾಡುವಾಗ ತೋರಿಸಿದ ಬೆಲೆ ಒಂದು, ಮನೆ ಬಾಗಿಲಲ್ಲಿ ಕೇಳಿದ್ದು ಇನ್ನೊಂದು. ಮೋಸ ಆಯ್ತಾ?

ಬಹಳ ಸಲ ಮೋಸ ಆಗಿರುವುದಿಲ್ಲ. ಸುಂಕ ಸೇರಿದೆಯಾ ಇಲ್ಲವಾ ಅಂತ ಯಾರೂ ನೋಡಿರುವುದಿಲ್ಲ, ಅಷ್ಟೇ.

ಲೆಕ್ಕ ಹೀಗೆ. ವಸ್ತುವಿನ ಬೆಲೆ ₹8,000, ಸಾಗಣೆ ₹2,000 ಅಂದುಕೊಳ್ಳಿ. ಕಸ್ಟಮ್ಸ್ ಸುಂಕ ಬೀಳುವುದು ₹8,000ದ ಮೇಲಲ್ಲ, ಸಾಗಣೆ ಮತ್ತು ವಿಮೆ ಸೇರಿಸಿದ ಮೊತ್ತದ ಮೇಲೆ. ವಿಮೆ ಬಿಡಿ, ₹10,000 ಅಂತಲೇ ಇಟ್ಟುಕೊಳ್ಳೋಣ. ಆ ವಸ್ತುವಿಗೆ ಮೂಲ ಸುಂಕ 10 ಶೇಕಡಾ ಇದ್ದರೆ ₹1,000. ಆ ಸುಂಕದ ಮೇಲೆ ಸಮಾಜ ಕಲ್ಯಾಣ ಸರ್ಚಾರ್ಜ್ 10 ಶೇಕಡಾ, ಅಂದರೆ ₹100. ಈಗ ₹11,100 ಆಯಿತು. ಇದರ ಮೇಲೆ ಐಜಿಎಸ್‌ಟಿ (ಆಮದು ಮಾಲಿಗೆ ಹಾಕುವ ಜಿಎಸ್‌ಟಿ) 18 ಶೇಕಡಾ ಇದ್ದರೆ ₹1,998. ಒಟ್ಟು ₹3,098. ಕೊರಿಯರ್‌ನಲ್ಲಿ ಬಂದರೆ ಅವರು ನಿಮ್ಮ ಪರವಾಗಿ ಸುಂಕ ಕಟ್ಟಿದ್ದಕ್ಕೆ ತಮ್ಮ ಶುಲ್ಕ ಬೇರೆ ಹಾಕುತ್ತಾರೆ, ಅದರ ಮೇಲೂ ಜಿಎಸ್‌ಟಿ.

ದರ ವಸ್ತುವಿನಿಂದ ವಸ್ತುವಿಗೆ ಬೇರೆ. ಸ್ವಂತ ಬಳಕೆಗೆ ಅಂಚೆ, ಕೊರಿಯರ್‌ನಲ್ಲಿ ತರಿಸಿದ್ದಕ್ಕೆ ಹಾಕುವ ದರವೇ ಬೇರೆ ಇದೆ, ಅದೂ ಬಜೆಟ್ ಬಂದಾಗ ಬದಲಾಗುತ್ತದೆ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಆದರೆ 2019ರ ಬಜೆಟ್‌ನಿಂದ ಅದಕ್ಕೂ 5 ಶೇಕಡಾ ಮೂಲ ಸುಂಕ ಬಂತು. ಮಕ್ಕಳಿಗೆ ಪುಸ್ತಕ ತರಿಸುವವರು ಇದನ್ನು ನೆನಪಿಡಿ.

ಹಣ ಕೊಡುವ ಮುಂಚೆ ಒಂದು ಮಾತು ಹುಡುಕಿ: ಡಿಡಿಪಿ. ಸುಂಕ ಮಾರುವವರೇ ಕಟ್ಟಿ ಕಳಿಸುತ್ತಾರೆ ಅಂತ ಅರ್ಥ. ಡಿಡಿಯು ಅಥವಾ ಡಿಎಪಿ ಅಂತಿದ್ದರೆ ಸುಂಕ ನಿಮ್ಮ ತಲೆಯ ಮೇಲೆ. ಏನೂ ಬರೆದಿಲ್ಲ ಅಂದರೆ ನಿಮ್ಮ ತಲೆಯ ಮೇಲೆಯೇ ಅಂತ ತಿಳಿಯಿರಿ.

ಗಿಫ್ಟ್ ಅಂತ ಬರೆಸಿದರೆ ಸುಂಕ ಬೀಳಲ್ಲ ಅಲ್ವಾ?

ಮೊದಲು ಹಾಗೆ ನಡೆಯುತ್ತಿತ್ತು. ಹೊರದೇಶದ ಕೆಲವು ಆನ್‌ಲೈನ್ ಅಂಗಡಿಗಳು ಮಾರಿದ ಮಾಲನ್ನೇ ಗಿಫ್ಟ್ ಅಂತ ಕಳಿಸಲು ಶುರು ಮಾಡಿದವು. 2019ರ ಡಿಸೆಂಬರ್‌ನಲ್ಲಿ ಸರ್ಕಾರ ಆ ಬಾಗಿಲು ಮುಚ್ಚಿತು. ಈಗ ಗಿಫ್ಟ್ ಅಂತ ಸುಂಕ ಬಿಟ್ಟು ಒಳಗೆ ಬರುವುದು ರಾಖಿ ಮತ್ತು ಜೀವ ಉಳಿಸುವ ಔಷಧ ಮಾತ್ರ. ಬೇರೆ ಗಿಫ್ಟ್ ಬರಬಹುದು, ಪೂರ್ತಿ ಸುಂಕ ಕಟ್ಟಬೇಕು. ಅಮೆರಿಕದಿಂದ ಮಗ ಕಳಿಸಿದ ವಾಚ್ ಆದರೂ ಅಷ್ಟೇ. ಅಪ್ಪ ಅಮ್ಮನಿಗೆ ಇದನ್ನು ಹೇಳಿ ಒಪ್ಪಿಸುವುದು ಕಷ್ಟ, ನನಗೆ ಗೊತ್ತು.

ಏನೇನು ತರಿಸಲೇಬಾರದು?

ಡ್ರೋನ್ ಬೇಡ. 2022ರ ಫೆಬ್ರವರಿಯಿಂದ ಹೊರಗೆ ತಯಾರಾದ ಡ್ರೋನ್ ತರಿಸುವುದಕ್ಕೆ ನಿಷೇಧ ಇದೆ, ರಕ್ಷಣೆ, ಸಂಶೋಧನೆಯಂಥ ಕೆಲವು ಕೆಲಸಕ್ಕೆ ಮಾತ್ರ ಅನುಮತಿ. ಇ-ಸಿಗರೇಟ್ 2019ರಿಂದ ಬಂದ್. ಮಾರಲು ಆಟಿಕೆ ತರಿಸುತ್ತೀರಿ ಅಂದರೆ 2021ರ ಜನವರಿಯಿಂದ ಬಿಐಎಸ್ ಗುರುತು (ಭಾರತೀಯ ಮಾನಕ ಸಂಸ್ಥೆಯ ಗುಣಮಟ್ಟದ ಮುದ್ರೆ) ಬೇಕು. ವೈರ್‌ಲೆಸ್ ಸಾಧನಗಳಿಗೆ ಬೇರೆ ಒಪ್ಪಿಗೆ. ಬೀಜ, ಗಿಡದ ಗೆಡ್ಡೆ ಇವಕ್ಕೆ ಆಮದು ಪರವಾನಗಿ, ಕಳಿಸುವ ದೇಶದ ಸಸ್ಯ ಆರೋಗ್ಯ ಪತ್ರ ಎರಡೂ ಬೇಕು. ಬಾಲ್ಕನಿಯಲ್ಲಿ ಬೆಳೆಸೋಣ ಅಂತ ಹೂವಿನ ಬೀಜ ತರಿಸಿ ಕಳೆದುಕೊಂಡ ಇಬ್ಬರು ನನ್ನ ಪರಿಚಯದಲ್ಲೇ ಇದ್ದಾರೆ.

ಅಲಿಎಕ್ಸ್‌ಪ್ರೆಸ್ ಯಾಕೆ ತೆರೆಯಲ್ಲ ಅಂತ ಇನ್ನೂ ಕೇಳುತ್ತಾರೆ. 2020ರ ನವೆಂಬರ್‌ನಲ್ಲಿ ನಿಷೇಧಿಸಿದ 43 ಆ್ಯಪ್‌ಗಳಲ್ಲಿ ಅದೂ ಒಂದು. ಬೇರೆ ದಾರಿಯಲ್ಲಿ ತರಿಸಿಕೊಡುತ್ತೇನೆ ಅನ್ನುವವರಿಗೆ ದುಡ್ಡು ಕೊಡಬೇಡಿ. ಮಾಲು ಬರದಿದ್ದರೆ ಕೇಳಲು ನಿಮ್ಮ ಹತ್ತಿರ ಒಂದು ಚೀಟಿಯೂ ಇರುವುದಿಲ್ಲ.

ಟ್ರ್ಯಾಕಿಂಗ್ ಇಪ್ಪತ್ತು ದಿನದಿಂದ ಒಂದೇ ಕಡೆ ನಿಂತಿದೆ. ಏನು ಮಾಡಲಿ?

ಮೊದಲು ಅದು ಅಂಚೆಯದ್ದಾ, ಕೊರಿಯರ್‌ದ್ದಾ ನೋಡಿ. ಅಂಚೆಯ ನಂಬರ್ ಎಲ್ಲ ದೇಶಕ್ಕೂ ಒಂದೇ ತರಹ ಇರುತ್ತದೆ: ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ ಕಳಿಸಿದ ದೇಶದ ಎರಡು ಅಕ್ಷರ. ಒಟ್ಟು 13. ಈ ನಂಬರ್ ಇದ್ದರೆ ಕಳಿಸಿದ ದೇಶದ ಅಂಚೆಯ ಸೈಟಿನಲ್ಲೂ, ಇಂಡಿಯಾ ಪೋಸ್ಟ್ ಸೈಟಿನಲ್ಲೂ ಹಾಕಿ ನೋಡಿ. ಎರಡು ಕಡೆಯ ಮಾಹಿತಿ ಬಹಳ ಸಲ ಹೊಂದುವುದಿಲ್ಲ. ಒಂದರಲ್ಲಿ ವಿಮಾನ ಹತ್ತಿದೆ ಅಂತ ಮಾತ್ರ ಇರುತ್ತದೆ, ಇನ್ನೊಂದರಲ್ಲಿ ಆಗಲೇ ಮುಂಬೈ ಮುಟ್ಟಿರುತ್ತದೆ.

ಅಂಚೆಯಲ್ಲಿ ನಮ್ಮ ಕಡೆಗೆ ಬರುವ ಪಾರ್ಸೆಲ್‌ಗಳ ಸುಂಕದ ಕೆಲಸ ಮುಂಬೈಯ ಬಲ್ಲಾರ್ಡ್ ಎಸ್ಟೇಟ್‌ನಲ್ಲಿರುವ ವಿದೇಶ ಡಾಕ್ ಭವನದಲ್ಲಿ ನಡೆಯುತ್ತದೆ. ಸಿಎಸ್‌ಎಂಟಿ ರೈಲು ನಿಲ್ದಾಣದಲ್ಲಿ ಇಳಿದು ನಡೆದೇ ಹೋಗಬಹುದು. ಕೊರಿಯರ್ ಆದರೆ ವಿಮಾನ ನಿಲ್ದಾಣದ ಸಹಾರ್ ಕಡೆಯ ಟರ್ಮಿನಲ್, ಅಲ್ಲಿಗೆ ನೀವು ಹೋಗಿ ಪ್ರಯೋಜನ ಇಲ್ಲ, ಕಂಪನಿಯ ಮೂಲಕವೇ ಮಾತಾಡಬೇಕು. ತಡ ಆಗುವುದಕ್ಕೆ ನಾನು ಕಂಡ ಕಾರಣ ಎರಡೇ. ಒಂದು, ಕೆವೈಸಿ ಕೇಳಿ ಮೇಲ್ ಬಂದಿರುತ್ತದೆ, ಅದು ಸ್ಪ್ಯಾಮ್‌ನಲ್ಲಿ ಬಿದ್ದಿರುತ್ತದೆ. ಇನ್ನೊಂದು, ಡಬ್ಬದ ಮೇಲೆ ವಸ್ತು ಏನು, ಬೆಲೆ ಎಷ್ಟು ಅಂತ ಸರಿಯಾಗಿ ಬರೆದಿರುವುದಿಲ್ಲ.

ಅಂಚೆಯಲ್ಲಿ ಕಳೆದೇ ಹೋಯಿತು ಅನಿಸಿದರೆ ವಿಚಾರಣೆ ಅರ್ಜಿ ಹಾಕಲು ಆರು ತಿಂಗಳ ಗಡುವು ಇದೆ, ಪೋಸ್ಟ್ ಮಾಡಿದ ಮರುದಿನದಿಂದ ಎಣಿಕೆ. ಅರ್ಜಿಯನ್ನು ಕಳಿಸಿದವರು ತಮ್ಮ ದೇಶದಲ್ಲಿ ಹಾಕುವುದು ವಾಸಿ. ಇವತ್ತು ಬರುತ್ತದೆ, ನಾಳೆ ಬರುತ್ತದೆ ಅಂತ ಕಾಯುತ್ತಾ ಸುಮ್ನೆ ಆ ಆರು ತಿಂಗಳು ಕಳೆಯಬೇಡಿ.

ನನ್ನ ಕಾರ್ಡ್ ಹೊರದೇಶದ ಸೈಟಿನಲ್ಲಿ ನಡೆಯುತ್ತಿಲ್ಲ.

ಬ್ಯಾಂಕ್ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಆನ್‌ಲೈನ್ ಬಳಕೆ ಆನ್ ಮಾಡಿ. 2020ರಿಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಹೊಸ ಕಾರ್ಡ್‌ಗಳಲ್ಲಿ ಅದು ಮುಚ್ಚಿಯೇ ಬರುತ್ತದೆ. ಕೆಲಸ ಮುಗಿದ ಮೇಲೆ ಮತ್ತೆ ಆಫ್ ಮಾಡಿ.

ಸೈಟ್ "ರೂಪಾಯಿಯಲ್ಲಿ ಕೊಡುತ್ತೀರಾ, ಡಾಲರ್‌ನಲ್ಲಾ" ಅಂತ ಕೇಳಿದರೆ ಡಾಲರ್‌ ಅನ್ನಿ. ರೂಪಾಯಿ ಅಂದರೆ ಅವರದೇ ದರ ಹಿಡಿಯುತ್ತಾರೆ, ಅದು ಬಹುತೇಕ ದುಬಾರಿ. ನಿಮ್ಮ ಬ್ಯಾಂಕೂ ವಿನಿಮಯಕ್ಕೆ ಸಾಮಾನ್ಯವಾಗಿ 2ರಿಂದ 3.5 ಶೇಕಡಾ ಸೇರಿಸುತ್ತದೆ, ಆ ಶುಲ್ಕದ ಮೇಲೆ 18 ಶೇಕಡಾ ಜಿಎಸ್‌ಟಿ. ಮಾಲು ವಾಪಸ್ ಮಾಡಿದರೂ ಈ ಶುಲ್ಕ ವಾಪಸ್ ಬರುವುದು ಕಷ್ಟ.

"ಮುಂಬೈ ಕಸ್ಟಮ್ಸ್‌ನಿಂದ" ಅಂತ ಫೋನ್ ಬಂತು. ನನ್ನ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಇದೆಯಂತೆ!

ಫೋನ್ ಇಡಿ. ಮಾತಾಡಲೇಬೇಡಿ. ನಿಜವಾಗಿ ಪಾರ್ಸೆಲ್ ಕಾಯುತ್ತಿರುವವರೇ ಇದಕ್ಕೆ ಜಾಸ್ತಿ ಸಿಕ್ಕಿ ಬೀಳುತ್ತಾರೆ, ಯಾಕೆಂದರೆ ಅವರಿಗೆ ಅದು ನಿಜ ಅನಿಸುತ್ತದೆ. ನಮ್ಮ ಪಕ್ಕದ ಕಟ್ಟಡದ ನಿವೃತ್ತ ಮೇಷ್ಟ್ರೊಬ್ಬರು ವಿಡಿಯೋ ಕಾಲ್‌ನಲ್ಲಿ ಮೂರು ತಾಸು ಕೂತಿದ್ದರು. ಸೊಸೆ ಬಂದು ಫೋನ್ ಕಿತ್ತುಕೊಂಡಳು, ದುಡ್ಡು ಉಳಿಯಿತು. ಅವರು ಆಮೇಲೆ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ.

ಹೀಗೆ ವಿಡಿಯೋ ಕಾಲ್‌ನಲ್ಲೇ ಬಂಧಿಸಿದ್ದೇವೆ ಅನ್ನುವ ಡಿಜಿಟಲ್ ಅರೆಸ್ಟ್ ನಮ್ಮ ಕಾನೂನಿನಲ್ಲೇ ಇಲ್ಲ. ಕಸ್ಟಮ್ಸ್‌ನವರು ಯಾರದೋ ಸ್ವಂತ ಖಾತೆಗೆ, ಯುಪಿಐ ನಂಬರಿಗೆ ದುಡ್ಡು ಹಾಕಿ ಅನ್ನುವುದಿಲ್ಲ. ಅವರ ಪತ್ರಕ್ಕೆ ಡಿನ್ ಅನ್ನುವ ಗುರುತಿನ ಸಂಖ್ಯೆ ಇರುತ್ತದೆ, ಸಿಬಿಐಸಿ (ಕಸ್ಟಮ್ಸ್ ನೋಡಿಕೊಳ್ಳುವ ಕೇಂದ್ರ ಮಂಡಳಿ) ಸೈಟಿನಲ್ಲಿ ಹಾಕಿ ಪರೀಕ್ಷಿಸಬಹುದು. ಕೊರಿಯರ್‌ನವರು ಸುಂಕ ಕೇಳಿದರೆ ಬಿಲ್ ಆಫ್ ಎಂಟ್ರಿ, ಅಂದರೆ ಕಸ್ಟಮ್ಸ್‌ಗೆ ಕೊಟ್ಟ ಆಮದು ಕಾಗದದ ಪ್ರತಿ ಕೇಳಿ. "ವಿಳಾಸ ಅಪೂರ್ಣ, ₹25 ಕಟ್ಟಿ" ಅನ್ನುವ ಎಸ್‌ಎಂಎಸ್ ಲಿಂಕ್ ಒತ್ತಬೇಡಿ. ದುಡ್ಡು ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ನಾಚಿಕೆ ಪಡುತ್ತಾ ಕೂರಬೇಡಿ, ಬೇಗ ಹೇಳಿದಷ್ಟೂ ದುಡ್ಡು ತಡೆಯುವ ಅವಕಾಶ ಇರುತ್ತದೆ.

ಅಕ್ಕಾ, ನಾನೂ ಹೊರದೇಶಕ್ಕೆ ಮಾರಬೇಕು. ಎಲ್ಲಿಂದ ಶುರು ಮಾಡಲಿ?

ಐಇಸಿಯಿಂದ. ಆಮದು ರಫ್ತು ಕೋಡ್. ಡಿಜಿಎಫ್‌ಟಿ (ವಿದೇಶ ವ್ಯಾಪಾರ ಮಹಾ ನಿರ್ದೇಶನಾಲಯ) ಸೈಟಿನಲ್ಲಿ ₹500 ಕಟ್ಟಿ ಮನೆಯಲ್ಲೇ ಕೂತು ಮಾಡಿಕೊಳ್ಳಬಹುದು, ಏಜೆಂಟ್ ಬೇಡ. ನಿಮ್ಮ ಪ್ಯಾನ್ ನಂಬರೇ ಆ ಕೋಡ್ ಆಗಿರುತ್ತದೆ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಹೋಗಿ, ಏನೂ ಬದಲಾಗದಿದ್ದರೂ ವಿವರ ಸರಿ ಇದೆ ಅಂತ ಒತ್ತಬೇಕು. ಮರೆತರೆ ಕೋಡ್ ನಿಷ್ಕ್ರಿಯ ಆಗುತ್ತದೆ.

ಆಮೇಲೆ ಬ್ಯಾಂಕಿನಿಂದ ಎಡಿ ಕೋಡ್, ಅಂದರೆ ವಿದೇಶಿ ವಿನಿಮಯ ನೋಡುವ ಬ್ಯಾಂಕ್ ಶಾಖೆಯ ಗುರುತು. ಇದು 14 ಅಂಕಿಯದು. ಡೊಂಬಿವಲಿಯ ಸಣ್ಣ ಶಾಖೆಗಳಲ್ಲಿ ಕೇಳಿದರೆ ಬಹಳ ಸಲ ಅವರಿಗೇ ಗೊತ್ತಿರುವುದಿಲ್ಲ, ವಿದೇಶಿ ವಿನಿಮಯ ನೋಡುವ ಶಾಖೆ ಯಾವುದು ಅಂತ ಕೇಳಿ ಅಲ್ಲಿಗೆ ಹೋಗಿ. ಜಿಎಸ್‌ಟಿಯಲ್ಲಿ ರಫ್ತಿಗೆ ಸೊನ್ನೆ ದರ. ಆದರೆ ತೆರಿಗೆ ಕಟ್ಟದೆ ಕಳಿಸಲು ಎಲ್‌ಯುಟಿ ಅನ್ನುವ ಮುಚ್ಚಳಿಕೆ ಕೊಡಬೇಕು, ಅದೂ ಪ್ರತಿ ಹಣಕಾಸು ವರ್ಷ ಹೊಸದು. ಇಲ್ಲಿ ಒಂದು ಸಲ ಸಿಎ ಹತ್ತಿರ ಕೂತು ನಿಮ್ಮ ಲೆಕ್ಕ ಹೇಗಿರಬೇಕು ಅಂತ ಕೇಳಿಕೊಳ್ಳಿ, ಆ ಫೀಸು ದಂಡ ಅಲ್ಲ.

ಅಂಚೆ ಒಳ್ಳೆಯದಾ, ಕೊರಿಯರ್ ಒಳ್ಳೆಯದಾ?

ಸೀರೆಗೆ ಅಂಚೆ. ಚಪ್ಪಲಿಗೆ ಲೆಕ್ಕ ಹಾಕಿ ನೋಡಿ, ಆಮೇಲೆ ಹೇಳಿ.

ಕೊರಿಯರ್‌ನವರು ತೂಕ ಮಾತ್ರ ನೋಡುವುದಿಲ್ಲ, ಜಾಗವನ್ನೂ ನೋಡುತ್ತಾರೆ. ಡಬ್ಬದ ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ನಲ್ಲಿ ಗುಣಿಸಿ 5,000ದಿಂದ ಭಾಗಿಸುತ್ತಾರೆ. 35, 22, 12ರ ಡಬ್ಬ ಆದರೆ 9,240. ಭಾಗಿಸಿದರೆ ಸುಮಾರು 1.85 ಕಿಲೋ. ಒಳಗಿನ ಚಪ್ಪಲಿ ತೂಗುವುದು 900 ಗ್ರಾಂ ಇರಬಹುದು, ನೀವು ಕೊಡುವುದು ಎರಡು ಕಿಲೋ ದುಡ್ಡು. ನಾನು ಮೊದಲ ಆರು ತಿಂಗಳು ಹೀಗೇ ಕೈಯಿಂದ ಕಟ್ಟಿದೆ. ಈಗ ಎಡ ಬಲ ಚಪ್ಪಲಿ ಒಂದಕ್ಕೊಂದು ತಲೆಕೆಳಗಾಗಿ ಇಟ್ಟು ಚಪ್ಪಟೆ ಡಬ್ಬಕ್ಕೆ ಹಾಕುತ್ತೇನೆ.

ಅಂಚೆಯಲ್ಲಿ ಪೋಸ್ಟಲ್ ಬಿಲ್ ಆಫ್ ಎಕ್ಸ್‌ಪೋರ್ಟ್ (ಅಂಚೆ ರಫ್ತಿನ ಕಾಗದ) ಈಗ ಆನ್‌ಲೈನ್‌ನಲ್ಲೇ ತುಂಬಬಹುದು, 2022ರ ಕೊನೆಗೆ ಬಂದ ನಿಯಮ. ಡಾಕ್ ಘರ್ ನಿರ್ಯಾತ್ ಕೇಂದ್ರ ಅಂತ ಬಹಳಷ್ಟು ಅಂಚೆ ಕಚೇರಿಗಳಲ್ಲಿ ಮಾಡಿದ್ದಾರೆ. ಇದನ್ನು ತುಂಬದೆ, ಸುಮ್ನೆ ಮನೆಯಿಂದ ಮಗಳಿಗೆ ಕಳಿಸುವಂತೆ ಸಿಎನ್ 22 ಅನ್ನುವ ಸಣ್ಣ ಕಸ್ಟಮ್ಸ್ ಚೀಟಿ ಅಂಟಿಸಿ ಮಾರಾಟದ ಮಾಲು ಕಳಿಸುವವರು ಬಹಳ ಜನ ಇದ್ದಾರೆ. ಹೋಗುತ್ತದೆ, ನಿಜ. ವಾಪಸ್ ಬಂದಾಗ ಅಥವಾ ಬ್ಯಾಂಕ್ ಕೇಳಿದಾಗ ಅದು ರಫ್ತು ಅಂತ ತೋರಿಸಲು ಏನೂ ಇರುವುದಿಲ್ಲ.

ಡಬ್ಬದ ಮೇಲೆ ಏನು ಬರೆಯಬೇಕು?

ಎಲ್ಲಾ ಪ್ರಶ್ನೆಗಳಲ್ಲಿ ನನಗೆ ಇದೇ ದೊಡ್ಡದು. ಗಡಿಯಲ್ಲಿ ಕೂತಿರುವವರು ನಿಮ್ಮನ್ನು ನೋಡಿಲ್ಲ, ಇಳಕಲ್ ನೋಡಿಲ್ಲ, ಸೀರೆ ಅಂದರೇನು ಅಂತಲೂ ಗೊತ್ತಿರಲಿಕ್ಕಿಲ್ಲ. ಅವರಿಗೆ ಸಿಗುವುದು ನಿಮ್ಮ ಒಂದು ಸಾಲು. ಆ ಸಾಲು ನಿಮ್ಮ ಪರವಾಗಿ ಮಾತಾಡಬೇಕು.

"ಬಟ್ಟೆ" ಅಂತ ಬರೆದರೆ ಏನೂ ಹೇಳಿದಂತಾಗಲಿಲ್ಲ. "ಕೈಮಗ್ಗದ ಸೀರೆ, ಹೊಲಿಯದ ಉದ್ದ ಬಟ್ಟೆ, ಹತ್ತಿ ಇಷ್ಟು ಶೇಕಡಾ, ಕೃತಕ ರೇಷ್ಮೆ ಇಷ್ಟು ಶೇಕಡಾ, 1, ಭಾರತದಲ್ಲಿ ತಯಾರು" ಅಂತ ಅವರ ಭಾಷೆಯಲ್ಲಿ ಬರೆಯಿರಿ. ಜೊತೆಗೆ ಎಚ್‌ಎಸ್ ಕೋಡ್, ಅಂದರೆ ಕಸ್ಟಮ್ಸ್‌ನಲ್ಲಿ ವಸ್ತು ಯಾವುದು ಅಂತ ಗುರುತಿಸುವ ಸಂಖ್ಯೆ. ಮೊದಲ ಆರು ಅಂಕಿ ಜಗತ್ತಿಗೆಲ್ಲ ಒಂದೇ, ಭಾರತ ಅದಕ್ಕೆ ಎರಡು ಸೇರಿಸಿ ಎಂಟು ಮಾಡುತ್ತದೆ, ಅಮೆರಿಕ ಹತ್ತು ಮಾಡುತ್ತದೆ.

ಇಳಕಲ್ ಸೀರೆಯಲ್ಲಿ ಇದು ನಿಜವಾಗಿಯೂ ಸೂಕ್ಷ್ಮ. ಒಡಲಿನ ಹಾಸು (ಉದ್ದಕ್ಕೆ ಹೂಡುವ ನೂಲು) ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ. ಒಡಲು ಹತ್ತಿಯದ್ದಿರಬಹುದು, ಸೆರಗು ರೇಷ್ಮೆಯದ್ದೋ ಆರ್ಟ್ ಸಿಲ್ಕ್‌ದೋ ಇರಬಹುದು. ಬಟ್ಟೆಯ ಕೋಡ್ ಯಾವುದು ಅನ್ನುವುದು ತೂಕದಲ್ಲಿ ಯಾವ ನೂಲು ಜಾಸ್ತಿ ಇದೆ ಅನ್ನುವುದರ ಮೇಲೆ ನಿಂತಿದೆ. ನಾವು ಬಾಯಿ ಮಾತಿಗೆ "ರೇಷ್ಮೆ ಸೆರಗಿನ ಸೀರೆ" ಅನ್ನುತ್ತೇವೆ, ಅದೇ ಅಭ್ಯಾಸದಲ್ಲಿ ರೇಷ್ಮೆ ಸೀರೆ ಅಂತ ಬರೆದು ಬಿಡುತ್ತೇವೆ. ಹತ್ತಿ ಜಾಸ್ತಿ ಇರುವ ಸೀರೆ ರೇಷ್ಮೆಯ ಕೋಡ್‌ನಲ್ಲಿ ಹೋದರೆ ಆ ಕಡೆ ಸುಂಕ ತಪ್ಪಾಗುತ್ತದೆ, ಕೊಂಡವರಿಗೂ ಸುಳ್ಳು ಹೇಳಿದಂತಾಗುತ್ತದೆ. ನಾನು ಈಗ ನೇಕಾರರನ್ನೇ ಕೇಳಿ ನೂಲಿನ ತೂಕ ಬರೆಸಿಕೊಳ್ಳುತ್ತೇನೆ. ಮೊದಲು ಅವರಿಗೆ ಇದು ಕಿರಿಕಿರಿ ಅನಿಸಿತ್ತು. ಈಗ ಸೀರೆಯ ಮಡಿಕೆಯಲ್ಲೇ ಚೀಟಿ ಇಟ್ಟು ಕಳಿಸುತ್ತಾರೆ.

ಚಪ್ಪಲಿಗೆ ಮಾತ್ರ ಸಮಾಧಾನ. 6403 20 ಅನ್ನುವ ಕೋಡ್‌ನ ವಿವರಣೆ ಓದಿ ನೋಡಿ: ಚರ್ಮದ ಅಟ್ಟೆ, ಪಾದದ ಮೇಲೆ ಹಾಯುವ ಚರ್ಮದ ಪಟ್ಟಿ, ಹೆಬ್ಬೆರಳಿನ ಸುತ್ತ ಪಟ್ಟಿ. ನಮ್ಮ ಉಂಗುಟದ ಚಪ್ಪಲಿಯನ್ನೇ ಎದುರಿಗಿಟ್ಟು ಬರೆದಂತಿದೆ. ಮೊದಲ ಸಲ ಓದಿದಾಗ ನನಗೆ ಬಹಳ ಖುಷಿಯಾಯಿತು. ಕೊಲ್ಹಾಪುರಿಗೆ 2019ರಲ್ಲಿ ಸಿಕ್ಕ ಜಿಐನಲ್ಲಿ (ಊರಿನ ಹೆಸರಿಗೆ ಸಿಗುವ ಭೌಗೋಳಿಕ ಗುರುತು) ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರವೂ ಇವೆ. ಹಾಗಾಗಿ ಅಥಣಿಯ ಚಪ್ಪಲಿಗೆ ಕೊಲ್ಹಾಪುರಿ ಅನ್ನುವ ಹೆಸರು ನ್ಯಾಯವಾಗಿಯೇ ಸಲ್ಲುತ್ತದೆ, ಸಂಕೋಚ ಬೇಡ.

ಗಿರಾಕಿ "ಬೆಲೆ ಕಡಿಮೆ ಬರೆಯಿರಿ" ಅನ್ನುತ್ತಾರೆ. ಬರೆಯಲಾ?

ಬೇಡ. ಡಬ್ಬ ಕಳೆದರೆ ಪರಿಹಾರ ಸಿಗುವುದು ಬರೆದ ಬೆಲೆಗೆ. ಬ್ಯಾಂಕಿಗೆ ಬಂದ ದುಡ್ಡು 90 ಡಾಲರ್, ಡಬ್ಬದ ಮೇಲೆ 20 ಡಾಲರ್ ಅಂತಿದ್ದರೆ ನೀವು ಎರಡು ಕಡೆ ಎರಡು ಮಾತು ಹೇಳಿದ ಹಾಗೆ. ಸಂಬಂಧಿಕರೇ ಕೇಳಿದರೂ ನಾನು ಬರೆಯುವುದಿಲ್ಲ.

ಅಮೆರಿಕಕ್ಕೆ ಕಳಿಸುವುದು ಈಗ ಹೇಗೆ?

2016ರಿಂದ 800 ಡಾಲರ್ ಒಳಗಿನ ಪಾರ್ಸೆಲ್ ಅಲ್ಲಿ ಸುಂಕ ಇಲ್ಲದೆ ಹೋಗುತ್ತಿತ್ತು. ಮನೆಯಿಂದ ಮಾರುವ ನಮ್ಮಂಥವರು ಬೆಳೆದದ್ದೇ ಅದರ ಮೇಲೆ. 2025ರ ಆಗಸ್ಟ್ 29ಕ್ಕೆ ಆ ವಿನಾಯಿತಿ ಎಲ್ಲ ದೇಶಗಳಿಗೂ ನಿಂತಿತು. ಸುಂಕ ಯಾರು ವಸೂಲಿ ಮಾಡಬೇಕು, ಹೇಗೆ ಕಟ್ಟಬೇಕು ಅನ್ನುವುದೇ ಸ್ಪಷ್ಟ ಇರಲಿಲ್ಲ. ಇಂಡಿಯಾ ಪೋಸ್ಟ್ ಆಗಸ್ಟ್ 25ರಿಂದಲೇ ಅಮೆರಿಕಕ್ಕೆ ವಸ್ತುಗಳನ್ನು ತೆಗೆದುಕೊಳ್ಳುವುದು ನಿಲ್ಲಿಸಿತು. ಮತ್ತೆ ಶುರುವಾದದ್ದು ಅಕ್ಟೋಬರ್ 15ಕ್ಕೆ.

ಆ ಏಳು ವಾರ ನನ್ನ ಕಪಾಟಿನಲ್ಲಿ ಹನ್ನೊಂದು ಸೀರೆ ಪ್ಯಾಕ್ ಆಗಿ ಕೂತಿದ್ದವು. ನವರಾತ್ರಿ ಬಂತು, ಹೋಯಿತು. ನಾಲ್ವರು ಆರ್ಡರ್ ರದ್ದು ಮಾಡಿದರು, ಅವರ ಮೇಲೆ ನನಗೆ ಬೇಸರ ಇಲ್ಲ, ಹಬ್ಬಕ್ಕೆ ಅಂತ ಕೊಂಡದ್ದು ಹಬ್ಬ ಮುಗಿದ ಮೇಲೆ ಯಾಕೆ? ಆದರೆ ನೇಕಾರರಿಗೆ ನಾನು ದುಡ್ಡು ಕೊಟ್ಟಾಗಿತ್ತು, ಮುಂದಿನ ಸೀರೆಗೆ ಅವರು ಹಾಸು ಹೂಡಿಯೂ ಆಗಿತ್ತು. ವಾಷಿಂಗ್ಟನ್‌ನಲ್ಲಿ ಒಂದು ಸಹಿ ಬಿದ್ದರೆ ಇಳಕಲ್‌ನಲ್ಲಿ ಒಂದು ಮಗ್ಗ ನಿಲ್ಲುತ್ತದೆ. ಫೋನ್‌ನಲ್ಲಿ ಅವರು "ಮುಂದಿಂದು ನೇಯಲೋ ಬೇಡವೋ ಅಕ್ಕಾರೇ?" ಅಂತ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಸೇವೆ ಮತ್ತೆ ಶುರುವಾದಾಗ ಭಾರತದಿಂದ ಅಂಚೆಯಲ್ಲಿ ಹೋಗುವ ವಸ್ತುಗಳಿಗೆ ಬರೆದ ಬೆಲೆಯ 50 ಶೇಕಡಾ ಸುಂಕ ಇತ್ತು, ಅದನ್ನು ಇಲ್ಲೇ ಬುಕ್ ಮಾಡುವಾಗ ಕಟ್ಟಬೇಕಿತ್ತು. ದರ ಬದಲಾಗುತ್ತಲೇ ಇರುತ್ತದೆ. ಹೋದ ತಿಂಗಳ ದರ ನಂಬಿ ಗಿರಾಕಿಗೆ ಬೆಲೆ ಹೇಳಬೇಡಿ, ಬುಕ್ ಮಾಡುವ ದಿನ ಕೇಳಿ. ನಾನು ಈಗ ಸೀರೆಯ ಬೆಲೆ, ಸಾಗಣೆ, ಸುಂಕ ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದು ಕಳಿಸುತ್ತೇನೆ. ಸುಂಕ ನನ್ನ ಜೇಬಿಗೆ ಬರುವುದಿಲ್ಲ ಅಂತ ಅವರಿಗೂ ಕಾಣಬೇಕು.

ಲಂಡನ್, ಯುರೋಪ್, ಆಸ್ಟ್ರೇಲಿಯಾ?

ಬ್ರಿಟನ್‌ನಲ್ಲಿ 2021ರ ಜನವರಿಯಿಂದ 135 ಪೌಂಡ್ ಒಳಗಿನ ಮಾಲಿಗೆ ವ್ಯಾಟ್ (ನಮ್ಮ ಜಿಎಸ್‌ಟಿಯಂಥ ಮಾರಾಟ ತೆರಿಗೆ) ಮಾರುವಾಗಲೇ ಸೇರಬೇಕು. ಯುರೋಪ್ ಒಕ್ಕೂಟದಲ್ಲಿ 22 ಯುರೋ ಒಳಗಿನದ್ದಕ್ಕೆ ಇದ್ದ ವ್ಯಾಟ್ ವಿನಾಯಿತಿ 2021ರ ಜುಲೈಗೆ ಹೋಯಿತು, 150 ಯುರೋವರೆಗೆ ಐಒಎಸ್‌ಎಸ್ ಅನ್ನುವ ನೋಂದಣಿ ಮೂಲಕ ವ್ಯಾಟ್ ಕಟ್ಟಬಹುದು. ಆಸ್ಟ್ರೇಲಿಯಾದಲ್ಲಿ ಅಲ್ಲಿನ 1,000 ಡಾಲರ್ ಒಳಗಿನದ್ದಕ್ಕೂ 2018ರ ಜುಲೈಯಿಂದ 10 ಶೇಕಡಾ ಜಿಎಸ್‌ಟಿ ಇದೆ, ದೊಡ್ಡ ಮಾರಾಟ ತಾಣದ ಮೂಲಕ ಮಾರಿದರೆ ಅವರೇ ಹಿಡಿದು ಕಟ್ಟುತ್ತಾರೆ.

ಯುರೋಪಿನಲ್ಲಿ ಇನ್ನೊಂದು ತೊಡಕು. 2024ರ ಡಿಸೆಂಬರ್ 13ರಿಂದ ಅಲ್ಲಿ ಮಾರುವ ವಸ್ತುವಿಗೆ ಒಕ್ಕೂಟದ ಒಳಗೇ ಇರುವ ಒಬ್ಬ ಜವಾಬ್ದಾರರ ಹೆಸರು, ವಿಳಾಸ ಬೇಕು. ಒಂದೆರಡು ಸೀರೆ ಮಾರುವವರಿಗೆ ಇದು ದೊಡ್ಡ ಹೊರೆ. ನಾನು ಸದ್ಯಕ್ಕೆ ಯುರೋಪಿನ ಆರ್ಡರ್ ತೆಗೆದುಕೊಳ್ಳುತ್ತಿಲ್ಲ. ಜರ್ಮನಿಯಲ್ಲಿರುವ ನಮ್ಮವರಿಗೆ ಹಾಗೆ ಹೇಳುವಾಗ ಮನಸ್ಸಿಗೆ ಹಿಂಸೆ ಆಗುತ್ತದೆ.

ಚನ್ನಪಟ್ಟಣದ ಬೊಂಬೆ, ಮೈಸೂರಿನ ಬೀಟೆ ಮರದ ಕೆತ್ತನೆ, ಗಂಧದ ಸಾಮಾನು ಕಳಿಸಬಹುದಾ?

ಬೀಟೆಯಲ್ಲಿ ಹುಷಾರು. ಆ ಜಾತಿಯ ಮರಗಳೆಲ್ಲ 2017ರ ಜನವರಿಯಿಂದ ಸೈಟಿಸ್ (ಅಪರೂಪದ ಗಿಡ, ಪ್ರಾಣಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿವೆ, ಕಾಗದ ಇಲ್ಲದೆ ಕಳಿಸಿದರೆ ಆ ಕಡೆ ಹಿಡಿದಿಡಬಹುದು. ಗಂಧಕ್ಕೂ ನಿರ್ಬಂಧ ಇದೆ. ನವಿಲುಗರಿ ಬೇಡವೇ ಬೇಡ. ಚನ್ನಪಟ್ಟಣದ ಬೊಂಬೆಯ ಆಲೆ ಮರದ ತೊಂದರೆ ಇಲ್ಲ. ಆದರೆ ಅದು ಮಕ್ಕಳ ಆಟಿಕೆ. ಅಮೆರಿಕದಲ್ಲಿ 12 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳ ವಸ್ತುವಿಗೆ ಪ್ರಯೋಗಾಲಯದ ಪರೀಕ್ಷೆ, ಪ್ರಮಾಣಪತ್ರ ಕೇಳುತ್ತಾರೆ, ಯುರೋಪಿನಲ್ಲಿ ಅಲ್ಲಿನ ಸುರಕ್ಷತೆ ನಿಯಮಕ್ಕೆ ಹೊಂದುತ್ತದೆ ಅನ್ನುವ ಸಿಇ ಗುರುತು. ಅರಗಿನ ಬಣ್ಣ ಎಷ್ಟೇ ಸುರಕ್ಷಿತ ಆಗಿದ್ದರೂ ಪತ್ರ ಇಲ್ಲದಿದ್ದರೆ ನಿಮ್ಮ ಮಾತಿಗೆ ಬೆಲೆ ಇಲ್ಲ.

ದುಡ್ಡು ಹೇಗೆ ತರಿಸಿಕೊಳ್ಳಲಿ? ಅವರ ಅಪ್ಪ ಇಲ್ಲೇ ಪುಣೆಯಲ್ಲಿದ್ದಾರೆ, ಯುಪಿಐ ಮಾಡ್ತಾರಂತೆ.

ಹಾಗಾದರೆ ಅದು ಅಪ್ಪನಿಗೆ ಇಲ್ಲೇ ಮಾರಿದ್ದು. ಬಿಲ್ ಅವರ ಹೆಸರಿಗೆ ಮಾಡಿ, ಜಿಎಸ್‌ಟಿ ಹಾಕಿ, ಪುಣೆಗೆ ಕಳಿಸಿ. ಮಗಳಿಗೆ ಅವರು ಕಳಿಸಿಕೊಳ್ಳಲಿ. ರಫ್ತು ಅಂತ ತೋರಿಸಬೇಡಿ, ಯಾಕೆಂದರೆ ಹೊರಗಿನಿಂದ ದುಡ್ಡು ಬಂದಿಲ್ಲ, ಬ್ಯಾಂಕಿನ ದಾಖಲೆಯಲ್ಲಿ ಆ ರಫ್ತು ಬಾಕಿ ಅಂತಲೇ ತೂಗಾಡುತ್ತದೆ.

ಹೊರಗಿನಿಂದ ಬರುವ ದುಡ್ಡಿಗೆ ಪರ್ಪಸ್ ಕೋಡ್, ಅಂದರೆ ಅದು ಯಾವ ಕಾರಣಕ್ಕೆ ಬಂತು ಅನ್ನುವ ಗುರುತು, ಸರಿಯಾಗಿ ಹಾಕಿ. ಮಾಲಿನ ರಫ್ತು ಅಂತಲೇ ಇರಬೇಕು. ಮನೆ ಖರ್ಚಿಗೆ ಕಳಿಸಿದ ದುಡ್ಡು ಅನ್ನುವ ಕೋಡ್‌ನಲ್ಲಿ ಬಂದರೆ ಆಮೇಲೆ ತಿದ್ದಿಸಲು ಚಪ್ಪಲಿ ಸವೆಯುತ್ತದೆ. ಪ್ರತಿ ಪಾವತಿಗೂ ಬ್ಯಾಂಕಿನಿಂದ ಅಥವಾ ಪಾವತಿ ಕಂಪನಿಯಿಂದ ವಿದೇಶಿ ಹಣ ಬಂದ ಪತ್ರ ತೆಗೆದಿಟ್ಟುಕೊಳ್ಳಿ. ಪೇಪಾಲ್ 2021ರ ಏಪ್ರಿಲ್‌ನಿಂದ ದೇಶದ ಒಳಗಿನ ಪಾವತಿ ನಿಲ್ಲಿಸಿದೆ, ಹೊರಗಿನದ್ದು ನಡೆಯುತ್ತದೆ. ಅಲ್ಲಿ ಕೊಂಡವರು 180 ದಿನದವರೆಗೆ ತಕರಾರು ಎತ್ತಬಹುದು ಅನ್ನುವುದು ಗೊತ್ತಿರಲಿ. ತಲುಪಿದ ದಾಖಲೆ, ಪ್ಯಾಕ್ ಮಾಡುವಾಗಿನ ವಿಡಿಯೋ, ಮಾತುಕತೆ ಎಲ್ಲ ಅಲ್ಲಿಯವರೆಗೆ ಅಳಿಸಬೇಡಿ.

ಮಾಲು ವಾಪಸ್ ಬಂದರೆ?

ನನಗೆ ಅತಿ ಜಾಸ್ತಿ ನೋವು ಕೊಟ್ಟದ್ದು ಇದು. ಯುರೋಪಿನ ಆರ್ಡರ್ ತೆಗೆದುಕೊಳ್ಳುತ್ತಿದ್ದ ದಿನಗಳಲ್ಲಿ ಎರಡು ಜೊತೆ ಚಪ್ಪಲಿ ಜರ್ಮನಿಗೆ ಕೊರಿಯರ್ ಮಾಡಿದ್ದೆ. ಸುಂಕ ಕೊಂಡವರು ಕಟ್ಟುವ ಲೆಕ್ಕ. ಅದನ್ನು ನಾನು ಮೊದಲೇ ಅವರಿಗೆ ಬಿಡಿಸಿ ಹೇಳಿರಲಿಲ್ಲ. ಬಾಗಿಲಲ್ಲಿ ತೆರಿಗೆ, ಕೊರಿಯರ್ ಶುಲ್ಕ ಎರಡೂ ಕೇಳಿದಾಗ ಅವರು ಬೇಡ ಅಂದರು. ಡಬ್ಬ ತಿರುಗಿ ಬಂತು. ವಾಪಸ್ ಸಾಗಣೆಯ ಬಿಲ್ ನನಗೆ ಬಂತು. ಅದರ ಮೇಲೆ ಇಲ್ಲಿ, ನಮ್ಮದೇ ಅಥಣಿಯ ಚಪ್ಪಲಿಗೆ, ಆಮದು ಸುಂಕ ಕೇಳಿದರು.

ನಿಯಮದಲ್ಲಿ ದಾರಿ ಇದೆ. ಇಲ್ಲಿಂದ ಹೋದ ಮಾಲು ಮೂರು ವರ್ಷದೊಳಗೆ ಹಾಗೇ ವಾಪಸ್ ಬಂದರೆ, ಅದೇ ಮಾಲು ಅಂತ ತೋರಿಸಿದರೆ, ಸುಂಕದ ವಿನಾಯಿತಿ ಸಿಗುತ್ತದೆ. ತೋರಿಸುವುದು ಹೇಗೆ? ನನ್ನ ಕಾಗದದಲ್ಲಿ "ಮಹಿಳೆಯರ ಪಾದರಕ್ಷೆ, 2" ಅಂತ ಮಾತ್ರ ಇತ್ತು. ಬಣ್ಣ ಇಲ್ಲ, ಅಳತೆ ಇಲ್ಲ, ಒಳಗಿನ ಇನ್‌ವಾಯ್ಸ್ ನಂಬರ್ ರಫ್ತಿನ ಕಾಗದದಲ್ಲಿ ಇರಲಿಲ್ಲ. ಸುಂಕ ಕಟ್ಟಿ ಬಿಡಿಸಿಕೊಂಡೆ. ಈಗ ಪ್ರತಿ ಜೊತೆಗೂ ಅಟ್ಟೆಯ ಒಳಬದಿಯಲ್ಲಿ ಸಣ್ಣ ನಂಬರ್ ಒತ್ತಿಸುತ್ತೇನೆ, ಅದೇ ನಂಬರ್ ಇನ್‌ವಾಯ್ಸ್‌ನಲ್ಲಿ, ಅದೇ ರಫ್ತಿನ ಕಾಗದದಲ್ಲಿ.

ಅಗ್ಗದ ವಸ್ತುವಾದರೆ ವಾಪಸ್ ತರಿಸಲೇಬೇಡಿ. ಅಲ್ಲೇ ಯಾರಿಗಾದರೂ ಕೊಡಿ ಅನ್ನಿ, ಅರ್ಧ ದುಡ್ಡು ಹಿಂದಿರುಗಿಸಿ. ಎರಡು ಕಡೆಯ ಸಾಗಣೆಗಿಂತ ಅದು ಕಡಿಮೆ.

ಚಪ್ಪಲಿ ಅಳತೆ ತಪ್ಪುತ್ತಲೇ ಇರುತ್ತದೆ. ನಂಬರ್ ಕೇಳಿದ ಮೇಲೂ!

ನಂಬರ್ ಕೇಳಬೇಡಿ. ಬ್ರಿಟನ್ ನಂಬರ್ ಒಂದರಿಂದ ಇನ್ನೊಂದಕ್ಕೆ ಸುಮಾರು ಎಂಟೂವರೆ ಮಿಲಿಮೀಟರ್ ವ್ಯತ್ಯಾಸ, ಯುರೋಪಿನದಕ್ಕೆ ಆರೂವರೆಗಿಂತ ತುಸು ಜಾಸ್ತಿ, ಅಮೆರಿಕದ್ದು ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ. ಒಂದರಿಂದ ಇನ್ನೊಂದಕ್ಕೆ ಸರಿಯಾಗಿ ಕೂರುವುದೇ ಇಲ್ಲ. ಬರಿಗಾಲಲ್ಲಿ ಹಾಳೆಯ ಮೇಲೆ ನಿಂತು, ಪೆನ್ಸಿಲ್ ನೆಟ್ಟಗೆ ಹಿಡಿದು ಎರಡೂ ಪಾದದ ಸುತ್ತ ಗೆರೆ ಎಳೆಯಲು ಹೇಳಿ. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆಯಲಿ. ಹಿಮ್ಮಡಿಯಿಂದ ಉದ್ದದ ಬೆರಳಿನ ತುದಿಗೆ ಎಷ್ಟು, ಅಗಲ ಎಷ್ಟು, ಉಂಗುಟ ಬರುವ ಕಡೆ ಹೆಬ್ಬೆರಳು ಎಷ್ಟು ದಪ್ಪ, ಮೂರೂ ಸೆಂಟಿಮೀಟರ್‌ನಲ್ಲಿ. ಸಂಜೆ ಹೊತ್ತಿಗೆ ಅಳೆಯಲಿ, ಪಾದ ಸ್ವಲ್ಪ ಊದಿರುತ್ತದೆ. ಈ ಫೋಟೊ ನೇರ ಅಥಣಿಗೆ ಕಳಿಸುತ್ತೇನೆ, ಅವರು ಅದನ್ನು ನೋಡಿ ಅಟ್ಟೆ ಕತ್ತರಿಸುತ್ತಾರೆ. ಹೀಗೆ ಶುರು ಮಾಡಿದ ಮೇಲೆ ಅಳತೆ ತಪ್ಪಿ ತಿರುಗಿ ಬಂದದ್ದು ಒಂದೇ ಜೊತೆ, ಅದೂ ಗೆರೆ ಎಳೆಯುವಾಗ ಸಾಕ್ಸ್ ಹಾಕಿಕೊಂಡಿದ್ದರು.